ಒಂದೇ ಒಂದು ಕೋಶ ಹಿಡಿದ ಪೇಂಟರ್

ಕ್ರಿಸ್ಪರ್ ಅನ್ನೋ ಹೆಸರು ನಾವೆಲ್ಲ ಕೇಳಿರ್ತೀವಿ. ಅದರಿಂದ ಯೀಸ್ಟ್‌ನ ಜೀನ್ ತಿದ್ದಿ, ಆ ಪುಟ್ಟ ಕೋಶವನ್ನೇ ಕಾರ್ಖಾನೆ ಮಾಡಿ, ನಮಗೆ ಬೇಕಾದ ರಾಸಾಯನಿಕ ತಯಾರಿಸಬಹುದು. ಆದ್ರೆ ಈ ಕಾರ್ಖಾನೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಮನೆಗಳಿಗೆ ಬಣ್ಣ ಬಳೀತಿದ್ದವರು ಅಂದ್ರೆ ನಂಬ್ತೀರಾ?

ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಹುಟ್ಟಿದ್ದು 1842ರಲ್ಲಿ, ಡೆನ್ಮಾರ್ಕ್‌ನ ರೀಬ ಊರಲ್ಲಿ. ಮನೆಯಲ್ಲಿ ದುಡ್ಡಿರಲಿಲ್ಲ. ಪೇಂಟರ್ ಕೆಲಸ ಮಾಡಿದರು, ಕಾದಂಬರಿ ಬರೆದು ಓದಿನ ಖರ್ಚು ನೋಡಿಕೊಂಡರು. 1876ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಅವರಿಗೆ ಚಿನ್ನದ ಪದಕ ಕೊಟ್ಟಿತು. ವಿಷಯ ಏನು ಗೊತ್ತಾ? ಸಗಣಿ ಮೇಲೆ ಬೆಳೆಯೋ ಶಿಲೀಂಧ್ರಗಳು!

ಮುಂದೆ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯ ಸೇರಿದರು. ಆಗ ಬಿಯರ್ ಆಗಾಗ ಕಹಿಯಾಗಿ, ವಾಸನೆ ಬಂದು ಕೆಟ್ಟುಹೋಗ್ತಿತ್ತು. ಬಿಯರ್ ಕೆಡಲು ಬ್ಯಾಕ್ಟೀರಿಯಾ ಕಾರಣ ಅಂತ ಪಾಶ್ಚರ್ ತೋರಿಸಿದ್ದರು. ಯೀಸ್ಟ್‌ನಲ್ಲೇ ಒಳ್ಳೆಯದು, ಕೆಟ್ಟದ್ದು ಬೆರೆತಿದ್ದರೂ ಬಿಯರ್ ಕೆಡುತ್ತೆ ಅಂತ ಕಂಡುಕೊಂಡವರು ಹ್ಯಾನ್ಸನ್.

ಹಾಗಾದ್ರೆ ಒಳ್ಳೆಯದನ್ನ ಬೇರ್ಪಡಿಸೋದು ಹೇಗೆ? ಯೀಸ್ಟ್‌ಗೆ ನೀರು ಬೆರೆಸಿ ಬೆರೆಸಿ ತೆಳು ಮಾಡಿದರು. ಎಷ್ಟು ತೆಳು ಅಂದ್ರೆ, ಒಂದು ಹನಿಯಲ್ಲಿ ಹೆಚ್ಚೆಂದರೆ ಒಂದೋ ಎರಡೋ ಕೋಶ. ಹನಿಗಳನ್ನ ಬೇರೆ ಬೇರೆ ಫ್ಲಾಸ್ಕ್‌ಗೆ ಹಾಕಿ, ಒಂದೇ ಒಂದು ಬಿಳಿ ಚುಕ್ಕೆ ಬೆಳೆದ ಫ್ಲಾಸ್ಕ್ ಆರಿಸಿಕೊಂಡರು. ಆ ಚುಕ್ಕೆಯಲ್ಲಿದ್ದದ್ದೆಲ್ಲ ಒಂದೇ ಕೋಶದ ಸಂತಾನ. 1883ರ ನವೆಂಬರ್‌ನಲ್ಲಿ ಆ ಶುದ್ಧ ಯೀಸ್ಟ್‌ನಿಂದ ಕಾರ್ಲ್ಸ್‌ಬರ್ಗ್ ಬಿಯರ್ ತಯಾರಾಯಿತು.

ಗುಟ್ಟಾಗಿ ಇಟ್ಟುಕೊಂಡಿದ್ದರೆ ಕಂಪನಿಗೆ ಭಾರಿ ಲಾಭ ಆಗ್ತಿತ್ತು. ಆದ್ರೆ ಪ್ರಯೋಗಾಲಯದ ಯಾವ ಮುಖ್ಯ ಫಲಿತಾಂಶವನ್ನೂ ಮುಚ್ಚಿಡಬಾರದು ಅಂತ ಮಾಲೀಕ ಜೆ.ಸಿ. ಜಾಕೋಬ್‌ಸೆನ್ ಮೊದಲೇ ನಿಯಮ ಮಾಡಿದ್ದರು. ಹ್ಯಾನ್ಸನ್ ತಮ್ಮ ವಿಧಾನವನ್ನ ಪ್ರಕಟಿಸಿದರು. ಯೀಸ್ಟ್ ಕೇಳಿದ ಬೇರೆ ಕಂಪನಿಗಳಿಗೂ, ಅಂದ್ರೆ ಪ್ರತಿಸ್ಪರ್ಧಿಗಳಿಗೂ ಸಿಕ್ಕಿತು. 1909ರಲ್ಲಿ ಅವರು ತೀರಿಕೊಳ್ಳೋ ಹೊತ್ತಿಗೆ ಶುದ್ಧ ಯೀಸ್ಟ್ ಬಳಸೋದು ಹಲವು ದೇಶಗಳಲ್ಲಿ ರೂಢಿಯಾಗಿತ್ತು.

ಇವತ್ತೂ ಕೆಲಸ ನಡೆಯೋದು ಅದೇ ದಾರಿಯಲ್ಲೇ. ಜೀನ್ ತಿದ್ದಿದ ಮೇಲೆ ಎಲ್ಲ ಕೋಶಗಳೂ ಸರಿಯಾಗಿ ಬದಲಾಗಿರಲ್ಲ. ಪ್ಲೇಟ್ ಮೇಲೆ ಬೆಳೆಸಿ, ಒಂದೇ ಕೋಶದಿಂದ ಹುಟ್ಟಿದ ಚುಕ್ಕೆ ಆರಿಸಿ, ಪರೀಕ್ಷಿಸಿ ಮುಂದೆ ಹೋಗ್ಬೇಕು. ಇನ್ಸುಲಿನ್ ಮಾಡೋ ಯೀಸ್ಟ್, ಮಲೇರಿಯಾ ಔಷಧಿಯ ಮೂಲವಸ್ತು ಮಾಡೋ ಯೀಸ್ಟ್, ಎಲ್ಲಕ್ಕೂ ಬೇಕಾದದ್ದು ಶುದ್ಧ ತಳಿ.

ಇತ್ತ ಕ್ರಿಸ್ಪರ್ ಪೇಟೆಂಟ್ ಯಾರದ್ದು ಅಂತ ಅಮೆರಿಕದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ವರ್ಷಗಟ್ಟಲೆ ಜಗಳ ಆಡಿವೆ. ನಾಳೆ ನಾವೂ ಏನಾದ್ರೂ ಕಂಡುಹಿಡಿದಾಗ ಬೀಗ ಹಾಕೋದಾ, ಹಂಚೋದಾ ಅನ್ನೋ ಪ್ರಶ್ನೆ ನಮ್ಮ ಮುಂದೆ ಬಂದೇ ಬರುತ್ತೆ. ಹಂಚಿಯೂ ಕಾರ್ಲ್ಸ್‌ಬರ್ಗ್ ಮುಳುಗಲಿಲ್ಲ, ಇವತ್ತಿಗೂ ನಡೀತಾನೇ ಇದೆ.