ಒಂದೇ ಗಾಳ, ಒಂದೇ ಮೀನು: ಜಾರ್ಜ್ ಪೆರಿ ಕಥೆ

ಮೊದಲೇ ಹೇಳ್ಬಿಡ್ತೀವಿ, ನಮ್ಮ ರೂಮಿನ ಮೂರು ಜನರಲ್ಲಿ ಯಾರೂ ಗಾಳ ಹಾಕಿ ಒಂದು ಮೀನೂ ಹಿಡಿದವರಲ್ಲ. ಆದ್ರೂ ಈ ಲೇಖನ ಬರೀತಿರೋದಕ್ಕೆ ಕಾರಣ ನಮ್ಮಲ್ಲೊಬ್ಬನ ಅಣ್ಣ. ಅವರು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಎಂ.ಎಸ್. ಮಾಡ್ತಿದ್ದಾರೆ. ಅಲ್ಲಿನ ಸ್ನೇಹಿತರ ಜೊತೆ ಭಾನುವಾರ ಬ್ಯಾಸ್ ಹಿಡಿಯೋಕೆ ಹೋಗ್ಬೇಕಂತೆ. ಬ್ಯಾಸ್ ಅಂದ್ರೆ ಗಿಟಾರ್ ಅಲ್ಲ, ಸಿಹಿನೀರಲ್ಲಿ ಬದುಕೋ ದೊಡ್ಡ ಬಾಯಿಯ ಮೀನು. ಕೈಲಿರೋ ದುಡ್ಡಿಗೆ ಒಂದೇ ರೀಲ್ ಬರುತ್ತೆ, ಸ್ಪಿನ್ನಿಂಗ್ ತಗೊಳ್ಳಲಾ ಬೇಟ್‌ಕಾಸ್ಟಿಂಗ್ ತಗೊಳ್ಳಲಾ, ನೀವು ಮೆಕ್ಯಾನಿಕಲ್‌ನವರಲ್ವಾ, ಯೋಚಿಸಿ ಹೇಳಿ ಅಂತ ಮೆಸೇಜ್ ಹಾಕಿದ್ರು. ಮರುದಿನ ಇಂಟರ್ನಲ್ಸ್ ಇತ್ತು. ಅದಕ್ಕೇ ಇರಬೇಕು, ಈ ಪ್ರಶ್ನೆ ನಮಗೆ ಅಷ್ಟು ಇಷ್ಟ ಆಗಿದ್ದು.

ಹುಡುಕ್ತಾ ಹೋದಾಗ ಸಿಕ್ಕಿದ ಹೆಸರು ಜಾರ್ಜ್ ವಾಷಿಂಗ್ಟನ್ ಪೆರಿ. ಅದೇ ಜಾರ್ಜಿಯಾದವನು. ಬ್ಯಾಸ್ ಹಿಡಿಯೋರ ಲೋಕದಲ್ಲಿ ಈ ಹೆಸರು ಗೊತ್ತಿಲ್ಲದವರು ಇಲ್ಲ ಅಂತಲೇ ಹೇಳಬಹುದು. ನಮಗೆ ಮಾತ್ರ ಅವತ್ತಿನವರೆಗೂ ಗೊತ್ತಿರಲಿಲ್ಲ.

1932. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಪೆರಿಗೆ ಹೆಚ್ಚುಕಮ್ಮಿ ನಮ್ಮ ವಯಸ್ಸು. ಅಪ್ಪ ತೀರಿಕೊಂಡಿದ್ದರು. ಅಮ್ಮ, ತಮ್ಮ, ತಂಗಿಯರ ಹೊಟ್ಟೆ ಹೊಲದ ಮೇಲೆ ನಿಂತಿತ್ತು, ಹೊಲ ಇವನ ಮೇಲೆ ನಿಂತಿತ್ತು. ಜೂನ್ 2ನೇ ತಾರೀಕು ಮಳೆ ಬಂದು ನೆಲ ಒದ್ದೆಯಾಗಿತ್ತು, ಉಳುಮೆ ಆಗೋ ಹಾಗಿರಲಿಲ್ಲ. ಕೆಲಸ ಇಲ್ಲದ ದಿನಾನೂ ಮನೆಗೆ ಊಟ ಬೇಕಲ್ಲ. ಹಾಗಾಗಿ ಜ್ಯಾಕ್ ಪೇಜ್ ಅನ್ನೋ ಗೆಳೆಯನ ಜೊತೆ ಮಾಂಟ್‌ಗೊಮರಿ ಲೇಕ್‌ಗೆ ಹೋದ. ಹೆಸರಿಗೆ ಲೇಕ್, ನಿಜದಲ್ಲಿ ಅದು ಆಕ್ಮಲ್ಗೀ ನದಿ ದಾರಿ ಬದಲಿಸಿದಾಗ ಹಿಂದೆ ಉಳಿದುಹೋದ ಒಂದು ತಿರುವು.

ಇಬ್ಬರಿಗೂ ಸೇರಿ ಒಂದೇ ರಾಡ್, ಒಂದೇ ರೀಲ್, ಒಂದೇ ನಕಲಿ ಮೀನು. ಒಬ್ಬ ಎಸೆಯುವಾಗ ಇನ್ನೊಬ್ಬ ದೋಣಿ ನಡೆಸಬೇಕು. ಆ ನಕಲಿ ಮೀನು ಯಾವುದಾದರೂ ಮರದ ಬೇರಿಗೆ ಸಿಕ್ಕಿ ಕಿತ್ತುಹೋಗಿದ್ದಿದ್ರೆ ಅವತ್ತಿನ ಕಥೆ ಅಲ್ಲಿಗೇ ಮುಗೀತಿತ್ತು.

ಅವರ ಕೈಲಿದ್ದದ್ದು ಬೇಟ್‌ಕಾಸ್ಟಿಂಗ್ ರೀಲ್. ಇದರ ಕಷ್ಟ ಏನು ಅಂತ ನಾವು ಪೇಪರ್ ಮೇಲೆ ಚಿತ್ರ ಬರೆದು ಅರ್ಥ ಮಾಡಿಕೊಂಡ್ವಿ. ಗಾಳ ಎಸೆದಾಗ ದಾರದ ಜೊತೆ ಸ್ಪೂಲ್ ಕೂಡ ಗಿರಗಿರ ತಿರುಗುತ್ತೆ. ಗಾಳಿಯ ತಡೆಗೆ ನಕಲಿ ಮೀನಿನ ವೇಗ ಕಮ್ಮಿ ಆಗ್ತಾ ಬರುತ್ತೆ, ಆದ್ರೆ ಸ್ಪೂಲ್‌ಗೆ ಜಡತ್ವ ಇದೆಯಲ್ಲ, ಅದು ನಿಲ್ಲಲ್ಲ. ದಾರ ಹೋಗೋದಕ್ಕಿಂತ ಜಾಸ್ತಿ ದಾರ ಬಿಚ್ಚಿಕೊಳ್ಳುತ್ತೆ. ಕೊನೆಗೆ ಕೈಲಿ ಹಕ್ಕಿಗೂಡು! ಅದನ್ನ ತಡೆಯೋಕೆ ಆಗ ಇದ್ದ ಮುಖ್ಯ ಬ್ರೇಕ್ ಹೆಬ್ಬೆರಳು. ಎಷ್ಟು ಒತ್ತಬೇಕು, ಯಾವಾಗ ಒತ್ತಬೇಕು, ಅದು ಬೆರಳಿಗೇ ಗೊತ್ತಾಗಬೇಕು. ಫಸ್ಟ್ ಇಯರ್ ಪೂರ್ತಿ ರೊಟೇಶನಲ್ ಇನರ್ಶಿಯಾ ಲೆಕ್ಕ ಮಾಡಿದ್ವಿ, ಯಾರೂ ನಮಗೆ ಹೀಗೆ ಹೇಳಿರಲಿಲ್ಲ.

ಸ್ಪಿನ್ನಿಂಗ್ ರೀಲ್‌ನಲ್ಲಿ ಈ ತಲೆನೋವು ಇಲ್ಲ. ಎಸೆಯುವಾಗ ಸ್ಪೂಲ್ ಅಲ್ಲಾಡೋದೇ ಇಲ್ಲ, ದಾರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತೆ. 1905ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಬಟ್ಟೆ ಉದ್ಯಮಿ ಆಲ್ಫ್ರೆಡ್ ಇಲಿಂಗ್‌ವರ್ತ್ ಇಂಥ ರೀಲ್‌ಗೆ ಪೇಟೆಂಟ್ ಪಡೆದ. ಮಿಲ್‌ನಲ್ಲಿ ನೂಲು ಉರುಳೆಯಿಂದ ಬಿಚ್ಚಿಕೊಳ್ಳೋದನ್ನ ನೋಡಿ ಅವನಿಗೆ ಹೊಳೆದದ್ದಂತೆ. ಆದ್ರೆ ಅಮೆರಿಕದಲ್ಲಿ ಇದು ಜನಕ್ಕೆಲ್ಲ ತಲುಪಿದ್ದು ಎರಡನೇ ಮಹಾಯುದ್ಧದ ನಂತರ. ಹಾಗಾಗಿ ಪೆರಿಗೆ ನಮ್ಮಣ್ಣನ ಹಾಗೆ ಎರಡರಲ್ಲಿ ಒಂದನ್ನ ಆರಿಸೋ ಪ್ರಶ್ನೆಯೇ ಇರಲಿಲ್ಲ. ಇದ್ದದ್ದು ಒಂದು, ಅದನ್ನೇ ಕಲಿತಿದ್ದ.

ನೀರಲ್ಲಿ ಒಂದು ಕಡೆ ಅಲೆ ಎದ್ದಿದ್ದು ಕಂಡು ಪೆರಿ ಅಲ್ಲಿಗೇ ಎಸೆದ. ಎಳೆದ್ರೆ ಬರ್ತಿಲ್ಲ. ಮರದ ದಿಮ್ಮಿಗೆ ಸಿಕ್ಕಿಕೊಳ್ತು, ಇದ್ದ ಒಂದೂ ಹೋಯ್ತು ಅಂದುಕೊಂಡ. ಆಮೇಲೆ ದಿಮ್ಮಿ ಚಲಿಸೋಕೆ ಶುರು ಮಾಡ್ತು.

ಹೆಲೆನಾ ಅನ್ನೋ ಊರಲ್ಲಿ ತೂಕ ಹಾಕಿದ್ರು. 22 ಪೌಂಡ್ 4 ಔನ್ಸ್, ಅಂದ್ರೆ ಸುಮಾರು 10.09 ಕೆ.ಜಿ. ಉದ್ದ ಮೂವತ್ತೆರಡೂವರೆ ಇಂಚು, ಸುತ್ತಳತೆ ಇಪ್ಪತ್ತೆಂಟೂವರೆ ಇಂಚು. ಸಿಮೆಂಟ್ ಮೂಟೆ ಅಲ್ಲ ಸ್ವಾಮಿ, ಮೀನು! ಲೆಕ್ಕ ಎಲ್ಲ ಬರೆದುಕೊಂಡು, ಸಾಕ್ಷಿ ಹಾಕಿಸಿ, ಫೀಲ್ಡ್ ಅಂಡ್ ಸ್ಟ್ರೀಮ್ ಪತ್ರಿಕೆಯ ಸ್ಪರ್ಧೆಗೆ ಕಳಿಸಿದ. ಮೀನನ್ನ ಮನೆಗೆ ತಗೊಂಡು ಹೋದ. ಅಮ್ಮ ಅಡುಗೆ ಮಾಡಿದರು, ಮನೆಯವರೆಲ್ಲ ತಿಂದರು.

ಇದನ್ನ ಓದಿ ನಾವು ಮೊದಲು ನಕ್ಕುಬಿಟ್ವಿ. ವಿಶ್ವದಾಖಲೆಯನ್ನ ಹುರಿದು ತಿನ್ನೋದಾ? ಆಮೇಲೆ ನಗು ನಿಂತುಹೋಯ್ತು. ಮೆಸ್‌ನಲ್ಲಿ ಅನ್ನ ಚೆಲ್ಲೋ ನಮಗೆ ಆ ಮನೆಯ ಪಾತ್ರೆ ಹೇಗಿತ್ತು ಅಂತ ಏನು ಗೊತ್ತು? ಪೆರಿ ಹೋಗಿದ್ದು ಊಟಕ್ಕೆ, ದಾಖಲೆ ಅದರ ಜೊತೆ ಬಂತು ಅಷ್ಟೆ.

ಸ್ಪರ್ಧೆಯಲ್ಲಿ ಗೆದ್ದು 75 ಡಾಲರ್ ಬೆಲೆಯ ಸಾಮಾನು ಬಹುಮಾನ ಸಿಕ್ತು. 1934ರಲ್ಲಿ ಇನ್ನೊಂದು ಮೀನಿಗೆ ಮತ್ತೆ ಗೆದ್ದ. ಆದ್ರೆ ಆ ದೊಡ್ಡ ಮೀನಿನ ದೇಹ ಉಳಿದಿಲ್ಲದ ಕಾರಣಕ್ಕೆ ಅನುಮಾನ ಪಡೋರು ಇವತ್ತಿಗೂ ಇದ್ದಾರೆ. ನಮಗಂತೂ, ಸುಳ್ಳು ಹೇಳೋನು ಸಾಕ್ಷಿಯನ್ನ ತಿಂದು ಮುಗಿಸ್ತಿರಲಿಲ್ಲ ಅನ್ಸುತ್ತೆ. ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ ದಾಖಲೆಯನ್ನ ಹಾಗೇ ಉಳಿಸಿಕೊಂಡಿದೆ.

ಆಮೇಲಿನ ಬದುಕಲ್ಲಿ ಪೆರಿ ಮೀನಿನ ಹೆಸರು ಹೇಳ್ಕೊಂಡು ಕೂರಲಿಲ್ಲ. ವಿಮಾನ ಹಾರಿಸೋದು, ರಿಪೇರಿ ಮಾಡೋದು ಕಲಿತು ಜಾರ್ಜಿಯಾದ ಬ್ರನ್ಸ್‌ವಿಕ್‌ನಲ್ಲಿ ಅದೇ ಕೆಲಸ ಮಾಡಿದ. ಹೊಲದಿಂದ ಹ್ಯಾಂಗರ್‌ಗೆ! ನಮ್ಮ ಬ್ರಾಂಚ್‌ನವನೇ ಅಂತ ಖುಷಿಪಟ್ಟು ಮುಂದೆ ಓದಿದ್ರೆ, 1974ರ ಜನವರಿಯಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಹತ್ತಿರ ವಿಮಾನ ಅಪಘಾತದಲ್ಲಿ ತೀರಿಕೊಂಡ.

2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ 10.12 ಕೆ.ಜಿ. ಬ್ಯಾಸ್ ಹಿಡಿದರು. ತೂಕ ಒಂದು ಔನ್ಸಿನಷ್ಟು ಜಾಸ್ತಿ, ಆದ್ರೆ ದಾಖಲೆ ಮುರೀಬೇಕಾದ್ರೆ ಕನಿಷ್ಠ ಎರಡು ಔನ್ಸ್ ಜಾಸ್ತಿ ಇರಬೇಕು ಅನ್ನೋದು ನಿಯಮ. ಹಾಗಾಗಿ ಇಬ್ಬರೂ ಸಮ. ಕುರಿತಾ ಕೈಲೂ ಬೇಟ್‌ಕಾಸ್ಟಿಂಗ್ ರೀಲೇ ಇತ್ತು. ಈಗಿನ ಕೆಲವು ರೀಲ್‌ಗಳಲ್ಲಿ ಸ್ಪೂಲ್‌ನ ವೇಗ ನೋಡಿ ತಾನೇ ಬ್ರೇಕ್ ಹಾಕೋ ಚಿಪ್ ಬೇರೆ ಇರುತ್ತೆ. ಪೆರಿಯ ಹೆಬ್ಬೆರಳಿನ ಕೆಲಸ ಇಲೆಕ್ಟ್ರಾನಿಕ್ಸ್‌ನವರ ಪಾಲಾಯ್ತು.

ಕೊನೆಗೆ ಅಣ್ಣನಿಗೆ ಏನು ಹೇಳಿದ್ವಿ? ದಪ್ಪ ದಾರ, ಭಾರದ ಗಾಳ, ಕಳೆ ತುಂಬಿದ ನೀರು ಅಂದ್ರೆ ಬೇಟ್‌ಕಾಸ್ಟಿಂಗೇ ಸರಿ, ಅದರ ಎಳೆತಕ್ಕೆ ಬಲ ಜಾಸ್ತಿ. ಹಗುರ ಗಾಳಕ್ಕೆ, ಎದುರುಗಾಳಿಗೆ, ಹೊಸಬರಿಗೆ ಸ್ಪಿನ್ನಿಂಗ್. ನೀವು ಹೊಸಬರು, ಇರೋದು ಒಂದು ಭಾನುವಾರ, ಅದನ್ನ ಹಕ್ಕಿಗೂಡು ಬಿಡಿಸ್ತಾ ಕಳೀಬೇಡಿ, ಸ್ಪಿನ್ನಿಂಗ್ ತಗೊಳ್ಳಿ ಅಂದ್ವಿ.

ಅವರು ಬೇಟ್‌ಕಾಸ್ಟಿಂಗ್ ತಗೊಂಡರು. ಪೆರಿ ಕಥೆಯನ್ನೂ ಕಳಿಸಿದ್ದು ನಮ್ಮದೇ ತಪ್ಪು. ಸದ್ಯಕ್ಕೆ ದಾರ ಬಿಡಿಸ್ತಿದ್ದಾರೆ.