ಕುಡಿತ ಬಿಟ್ಟವರ ಕೂಟ ಕಟ್ಟಿದ ಬಿಲ್ ವಿಲ್ಸನ್

ನೀರಿನ ಬವಣೆ ಉಂಡವರೇ ಒಂದಾದರೆ ನದಿಗೆ ಅಡ್ಡಗಟ್ಟೆ ಕಟ್ಟಬಲ್ಲರು ಎಂಬುದನ್ನು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ 1989ರಲ್ಲಿ ನಾಡಿಗೆ ತೋರಿಸಿಕೊಟ್ಟಿತು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಹಣಕ್ಕೆ ಕಾಯದೆ, ವಂತಿಗೆ ಕೂಡಿಸಿ, ಬೆವರು ಸುರಿಸಿ ಕಟ್ಟಿದ ಬ್ಯಾರೇಜು ಶ್ರಮಬಿಂದು ಸಾಗರವೆಂದೇ ಹೆಸರಾಯಿತು. ಕುಡಿತದ ಬವಣೆಗೂ ಇದೇ ಮಾತು ಸಲ್ಲುತ್ತದೆ ಎಂಬುದನ್ನು 1935ರಷ್ಟು ಹಿಂದೆಯೇ ಅಮೆರಿಕದಲ್ಲಿ ಕಂಡುಕೊಂಡವರು ವಿಲಿಯಂ ಗ್ರಿಫಿತ್ ವಿಲ್ಸನ್. ಜಗತ್ತಿಗೆ ಅವರು ಬಿಲ್ ವಿಲ್ಸನ್.

1895ರ ನವೆಂಬರ್ 26ರಂದು ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ ಜನಿಸಿದ ವಿಲ್ಸನ್, ತಂದೆ-ತಾಯಿ ಬೇರ್ಪಟ್ಟ ನಂತರ ತಾಯಿಯ ತವರಿನಲ್ಲಿ ಅಜ್ಜ-ಅಜ್ಜಿಯರ ಆಶ್ರಯದಲ್ಲಿ ಬೆಳೆದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನಾಧಿಕಾರಿಯಾಗಿದ್ದಾಗ, 1917ರಲ್ಲಿ ಔತಣಕೂಟವೊಂದರಲ್ಲಿ ಮದ್ಯದ ರುಚಿ ಹತ್ತಿತು. ಜನರ ನಡುವೆ ಮುದುಡಿಕೊಳ್ಳುತ್ತಿದ್ದ ಯುವಕನಿಗೆ ಅದು ಧೈರ್ಯ ತಂದಂತೆ ತೋರಿತು. 1918ರ ಜನವರಿ 24ರಂದು ಲೋಯಿಸ್ ಬರ್ನ್‌ಹ್ಯಾಮ್ ಅವರೊಡನೆ ವಿವಾಹವಾಯಿತು.

ಯುದ್ಧದ ನಂತರ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಹೆಸರು ಗಳಿಸಿದರು. ಆದರೆ 1929ರ ಕುಸಿತದಲ್ಲಿ ಹಣ ಹೋಯಿತು, ಕುಡಿತ ಮಾತ್ರ ಉಳಿಯಿತು. ಪತ್ನಿ ಅಂಗಡಿಯೊಂದರಲ್ಲಿ ದುಡಿದು ಸಂಸಾರ ಸಾಗಿಸಿದರು. ಕೊಟ್ಟ ಮಾತುಗಳೆಲ್ಲ ಮುರಿದವು. ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ಮತ್ತೆ ಮತ್ತೆ ದಾಖಲಾಗಬೇಕಾಯಿತು. ಇದು ನಡತೆಗೇಡಿತನವಲ್ಲ, ಕಾಯಿಲೆ ಎಂದು ಅಲ್ಲಿನ ವೈದ್ಯ ವಿಲಿಯಂ ಸಿಲ್ಕ್‌ವರ್ತ್ ತಿಳಿಹೇಳಿದರು. 1934ರ ನವೆಂಬರಿನಲ್ಲಿ ಕುಡಿತದ ಹಳೆಯ ಸಂಗಾತಿ ಎಬಿ ಥ್ಯಾಚರ್ ಮನೆಗೆ ಬಂದು ತಾನು ಕುಡಿತ ಬಿಟ್ಟ ಬಗೆಯನ್ನು ಹೇಳಿಕೊಂಡರು. ಆಪ್ತರ ಗೋಗರೆತಕ್ಕೆ ಬಾಗದ ಮನಸ್ಸು ಕುಡುಕ ಗೆಳೆಯನ ಮಾತಿಗೆ ಅಲುಗಾಡಿತು. ಆ ಡಿಸೆಂಬರ್ 11ರಂದು ಕೊನೆಯ ಬಾರಿಗೆ ಆಸ್ಪತ್ರೆ ಸೇರಿದ ವಿಲ್ಸನ್ ಮುಂದೆ ಮದ್ಯ ಮುಟ್ಟಲಿಲ್ಲ.

ಹೋಟೆಲಿನ ದೂರವಾಣಿ

ಅಲ್ಲಿಂದ ಐದು ತಿಂಗಳು ಕಂಡ ಕಂಡ ಕುಡುಕರಿಗೆ ಉಪದೇಶ ಮಾಡಿದರು. ಒಬ್ಬರೂ ಬಿಡಲಿಲ್ಲ. ಆದರೂ ಆ ಓಡಾಟದಿಂದ ತಾವು ಕುಡಿಯದೆ ಉಳಿದಿದ್ದೇವೆಂಬುದು ಅವರ ಅರಿವಿಗೆ ಬಂದದ್ದು ನಂತರ.

1935ರ ಮೇ ತಿಂಗಳಲ್ಲಿ ವ್ಯವಹಾರ ನಿಮಿತ್ತ ಓಹಾಯೊ ರಾಜ್ಯದ ಆಕ್ರನ್ ನಗರಕ್ಕೆ ಹೋದರು. ವ್ಯವಹಾರ ಕೈಕೊಟ್ಟಿತು. ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಒಂಟಿಯಾಗಿ ನಿಂತವರಿಗೆ ಒಂದು ಕಡೆ ಬಾರಿನ ನಗೆ-ಗದ್ದಲ ಕೇಳಿಸುತ್ತಿತ್ತು, ಇನ್ನೊಂದು ಕಡೆ ಚರ್ಚುಗಳ ಹೆಸರಿದ್ದ ಫಲಕ ಮತ್ತು ದೂರವಾಣಿ ಇತ್ತು. ಅವರು ದೂರವಾಣಿ ಎತ್ತಿಕೊಂಡರು. ಬೇಕಾಗಿದ್ದುದು ಪಾದ್ರಿಯಲ್ಲ, ತಮ್ಮಂತೆಯೇ ನರಳುತ್ತಿದ್ದ ಇನ್ನೊಬ್ಬ ಕುಡುಕ. ಕರೆಯಿಂದ ಕರೆಗೆ ಸಾಗಿ ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ನೆರವು ಸಿಕ್ಕಿತು. ಮಾರನೆಯ ದಿನ, ಮೇ 12ರಂದು, ಅವರ ಮನೆಯಲ್ಲಿ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್ ಭೇಟಿಯಾಯಿತು. ಹದಿನೈದೇ ನಿಮಿಷ ಎಂದು ಕರಾರು ಹಾಕಿ ಬಂದಿದ್ದ ವೈದ್ಯರು ಆರು ಗಂಟೆಗೂ ಮೀರಿ ಕುಳಿತರು. ವಿಲ್ಸನ್ ಬುದ್ಧಿ ಹೇಳಲಿಲ್ಲ, ತಮ್ಮ ಕಥೆ ಹೇಳಿಕೊಂಡರು. ಡಾ. ಬಾಬ್ ಕೊನೆಯ ಗುಟುಕು ಕುಡಿದದ್ದು ಜೂನ್ 10ರಂದು. ಅದೇ ದಿನವನ್ನು ಆಲ್ಕೊಹಾಲಿಕ್ಸ್ ಅನಾನಿಮಸ್ ಅಥವಾ ಎ.ಎ. ಕೂಟದ ಹುಟ್ಟುದಿನವೆಂದು ಎಣಿಸಲಾಗುತ್ತದೆ.

1939ರಲ್ಲಿ ಹನ್ನೆರಡು ಹೆಜ್ಜೆಗಳನ್ನು ವಿವರಿಸುವ ಗ್ರಂಥ ಹೊರಬಂತು. 1941ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಲೇಖನದಿಂದಾಗಿ ಎರಡು ಸಾವಿರದಷ್ಟಿದ್ದ ಸದಸ್ಯರ ಸಂಖ್ಯೆ ವರ್ಷಾಂತ್ಯಕ್ಕೆ ಎಂಟು ಸಾವಿರಕ್ಕೇರಿತು. ಕುಡುಕರ ಮನೆಯವರ ನೋವಿಗೂ ಕೂಟ ಬೇಕೆಂದು ಲೋಯಿಸ್ 1951ರಲ್ಲಿ ಅಲ್-ಅನಾನ್ ಕಟ್ಟಿದರು. ಯೇಲ್ ವಿಶ್ವವಿದ್ಯಾಲಯ ನೀಡಲು ಮುಂದಾದ ಗೌರವ ಪದವಿಯನ್ನು ವಿಲ್ಸನ್ ನಿರಾಕರಿಸಿದರು. 1955ರಲ್ಲಿ ಮುಂದಾಳತ್ವವನ್ನೂ ಸದಸ್ಯರಿಗೇ ಒಪ್ಪಿಸಿದರು.

ಅವರು ಸಂತರೇನಲ್ಲ. ವರ್ಷಗಟ್ಟಲೆ ಖಿನ್ನತೆ ಕಾಡಿತು. ಧೂಮಪಾನ ಶ್ವಾಸಕೋಶವನ್ನು ತಿಂದುಹಾಕಿತು. ಮರಣಶಯ್ಯೆಯಲ್ಲಿದ್ದಾಗ ವಿಸ್ಕಿ ಕೇಳಿದ್ದು ದಾದಿಯರ ಟಿಪ್ಪಣಿಗಳಲ್ಲಿ ದಾಖಲಾಗಿದೆ, ಯಾರೂ ಕೊಡಲಿಲ್ಲ. ಮೂವತ್ತಾರು ವರ್ಷ ಕುಡಿಯದೆ ಬಾಳಿದವರನ್ನೂ ಆಸೆ ಬಿಟ್ಟಿರಲಿಲ್ಲ. 1971ರ ಜನವರಿ 24ರಂದು, ಮದುವೆಯ ದಿನದಂದೇ, ನಿಧನರಾದರು.

ಕೃಷ್ಣೆಯ ದಡದಲ್ಲಿ

ಎ.ಎ. 1957ರಲ್ಲಿ ಭಾರತಕ್ಕೆ ಬಂತು. ಬಾಗಲಕೋಟೆ ಜಿಲ್ಲೆಯದೇ ಆದ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಕೂಡುತ್ತಾರೆ.

ಎ.ಎ. ಸಭೆಗೆ ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ. ಬಿಡಬೇಕೆಂಬ ಇಚ್ಛೆಯಿದ್ದರೆ ಸಾಕು. ವರ್ಷಗಟ್ಟಲೆ ಮಿತಿಮೀರಿ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿರುವುದರಿಂದ ಮೊದಲು ವೈದ್ಯರನ್ನು ಕಾಣುವುದು ಅಗತ್ಯ. ಎಲ್ಲಿಗೆ ಹೋಗಬೇಕೆಂದು ತೋಚದವರಿಗೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ವಿಲ್ಸನ್ ಕರೆ ಮಾಡಿದಾಗ ಜಗತ್ತಿನಲ್ಲಿ ಅಂಥ ಒಂದು ಕೂಟವೂ ಇರಲಿಲ್ಲ.