ಹಳ್ಳಿಗಳಿಗೆ ಬೆಳಕು ತಂದ ಜಾರ್ಜ್ ನಾರಿಸ್

ಅಮೆರಿಕದ ಗ್ರಾಮೀಣ ವಿದ್ಯುದೀಕರಣದ ಇತಿಹಾಸದಲ್ಲಿ ಸೆನೆಟರ್ ಜಾರ್ಜ್ ನಾರಿಸ್ ಅವರ ಹೆಸರು ಚಿರಸ್ಮರಣೀಯವಾದುದು. 1861ರಲ್ಲಿ ಓಹಾಯೋ ರಾಜ್ಯದ ಒಕ್ಕಲು ಮನೆತನದಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಹೊಲಗೆಲಸ ಮಾಡುತ್ತ ಓದಿ, ಕೆಲಕಾಲ ಶಿಕ್ಷಕರಾಗಿದ್ದು, ನೆಬ್ರಾಸ್ಕಾದಲ್ಲಿ ವಕೀಲರಾಗಿ ನೆಲೆಸಿದರು. 1903ರಿಂದ 1943ರವರೆಗೆ ಸಂಸತ್ತಿನಲ್ಲಿ ಸೇವೆ ಸಲ್ಲಿಸಿದರು.

1935ರಲ್ಲಿ ಆ ಸಂಪನ್ನ ದೇಶದಲ್ಲಿಯೂ ಸುಮಾರು ಹತ್ತು ರೈತರ ಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಚದುರಿದ ಮನೆಗಳಿಗೆ ತಂತಿ ಎಳೆಯುವುದು ಲಾಭಕರವಲ್ಲವೆಂದು ಖಾಸಗಿ ಕಂಪನಿಗಳು ಹಿಂಜರಿದವು. ನೀರು ಸೇದುವುದರಲ್ಲಿ, ಸೌದೆಯ ಒಲೆಯ ಮುಂದೆ, ರೈತ ಮಹಿಳೆಯರ ಆಯುಷ್ಯ ಸವೆಯುತ್ತಿತ್ತು. ಜಲವಿದ್ಯುತ್ತು ಸಾರ್ವಜನಿಕರ ಸ್ವತ್ತಾಗಬೇಕೆಂಬ ನಾರಿಸ್ ಅವರ ಮಸೂದೆಗಳನ್ನು 1928 ಮತ್ತು 1931ರಲ್ಲಿ ಇಬ್ಬರು ಅಧ್ಯಕ್ಷರು ತಡೆದರು. ಅವರು ಎದೆಗುಂದಲಿಲ್ಲ. 1933ರಲ್ಲಿ ಟೆನೆಸ್ಸಿ ಕಣಿವೆ ಪ್ರಾಧಿಕಾರವು ಸ್ಥಾಪನೆಯಾಯಿತು. 1936ರಲ್ಲಿ ಅವರೂ ಸ್ಯಾಮ್ ರೇಬರ್ನ್ ಅವರೂ ಮಂಡಿಸಿದ ಗ್ರಾಮೀಣ ವಿದ್ಯುದೀಕರಣ ಕಾಯಿದೆಯು ಅಂಗೀಕೃತವಾಯಿತು.

ಇದರ ಬಲದಿಂದ ರೈತರು ಅಲ್ಪ ಶುಲ್ಕ ತೆತ್ತು ಸಹಕಾರ ಸಂಘಗಳನ್ನು ಕಟ್ಟಿದರು. ಸರ್ಕಾರದಿಂದ ಕಡಿಮೆ ಬಡ್ಡಿಯ ಸಾಲ ಪಡೆದು ತಂತಿ ಎಳೆಸಿದರು. ಬಳಕೆದಾರನೇ ಸಂಘದ ಒಡೆಯನಾದನು. ನೀರೆತ್ತುವ ಪಂಪು, ಹಾಲು ಕರೆಯುವ ಯಂತ್ರ ಬಂದವು. ಹಳ್ಳಿಯ ಅಂಗಡಿ, ಶಾಲೆ, ಕಾರ್ಖಾನೆಗಳಿಗೆ ಚೈತನ್ಯ ಬಂದಿತು. 1950ರ ದಶಕದ ಮಧ್ಯದ ವೇಳೆಗೆ ಹತ್ತರಲ್ಲಿ ಒಂಬತ್ತು ರೈತರ ಮನೆಗಳು ಬೆಳಗಿದವು.

ಆದರೆ ನಾರಿಸ್ ಅವರು ಅದನ್ನು ಕಾಣಲಿಲ್ಲ. 1942ರ ಚುನಾವಣೆಯಲ್ಲಿ ಸೋತು, 1944ರಲ್ಲಿ ಸ್ವಂತ ಊರಾದ ಮೆಕುಕ್‌ನಲ್ಲಿ ನಿಧನರಾದರು. ಅವರು ಬೆಳೆಸಿದ ಮಾದರಿ ಮಾತ್ರ ಸಾಗರ ದಾಟಿತು. 1960ರ ದಶಕದ ಕೊನೆಯಲ್ಲಿ ಭಾರತದಲ್ಲಿ ಪ್ರಯೋಗಾರ್ಥವಾಗಿ ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯದೂ ಒಂದು. ಅಧಿಕಾರ ಹೋದರೂ ಸತ್ಕಾರ್ಯ ಉಳಿಯುವುದೆಂಬುದಕ್ಕೆ ಈ ಜೀವನವೇ ಸಾಕ್ಷಿ.